ಪೆಟ್ಟಿಗೆ ಒಡೆಯುವ ಜಾಗ

ಹೊಸ ಸೂಟ್‌ಕೇಸಿನ ಬಣ್ಣ, ಹೊಳಪು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಮಂಗಳೂರಿನ ಹಂಪನಕಟ್ಟೆ ಹತ್ತಿರ ಬ್ಯಾಗು, ಪೆಟ್ಟಿಗೆ ರಿಪೇರಿಯ ಸಣ್ಣ ಅಂಗಡಿ ನನ್ನದು. ಅದೇ ಜಾಗದಲ್ಲಿ ನನ್ನ ಅಪ್ಪ ತಗಡಿನ ಟ್ರಂಕು ಮಾಡುತ್ತಿದ್ದರು. ಅವರ ಟ್ರಂಕುಗಳು ರಿಪೇರಿಗೆ ವಾಪಸು ಬರುತ್ತಿದ್ದದ್ದು ಕೊಂಡಿ ಕಿತ್ತುಹೋಗಿ, ಇಲ್ಲವೇ ಮೂಲೆಯ ಪಟ್ಟಿ ಬಿಟ್ಟು. ಈಗ ನನ್ನ ಮುಂದೆ ಬಂದು ಬೀಳುವುದರಲ್ಲಿ ಮುಕ್ಕಾಲು ಪಾಲು ಚಕ್ರ ಹೋದವು, ಉಳಿದವು ಎಳೆಯುವ ಹ್ಯಾಂಡಲ್ ಸಿಕ್ಕಿಕೊಂಡವು, ಜಿಪ್ ಬಿಚ್ಚಿಕೊಂಡವು. ಭಾರ ಹೊರುವ ಕೆಲಸ ಯಾವ ಭಾಗದ ಪಾಲಿಗೆ ಬಂತೋ ಪೆಟ್ಟಿಗೆ ಅಲ್ಲಿ ಒಡೆಯುತ್ತದೆ. ಅದರ ಚರಿತ್ರೆಯನ್ನು ನಾನು ಓದಿಕೊಂಡದ್ದು ಹೀಗೆ, ಒಡೆದ ಕಡೆಯಿಂದ.

ಕುದುರೆಗಾಡಿಯ ಕಾಲದ ಯುರೋಪಿನಲ್ಲಿ ಟ್ರಂಕಿನ ಮುಚ್ಚಳ ಗುಮ್ಮಟದ ಹಾಗೆ ಉಬ್ಬಿರುತ್ತಿತ್ತು. ಗಾಡಿಯ ಮಾಡಿನ ಮೇಲೆ ಕಟ್ಟಿದ ಸಾಮಾನಿನ ಮೇಲೆ ಮಳೆನೀರು ನಿಲ್ಲಬಾರದಲ್ಲ. ರೈಲು, ಹಬೆ ಹಡಗು ಬಂದ ಮೇಲೆ ಸಾಮಾನು ಮಾಡಿನಿಂದ ಇಳಿದು ಒಳಗೆ ಹೋಯಿತು. ಅಲ್ಲಿ ಒಂದರ ಮೇಲೊಂದು ಪೇರಿಸಬೇಕು, ಉಬ್ಬಿದ ಮುಚ್ಚಳ ಅದಕ್ಕಾಗದು. ಪ್ಯಾರಿಸಿನಲ್ಲಿ 1854ರಲ್ಲಿ ಅಂಗಡಿ ತೆರೆದ ಲೂಯಿ ವಿಟಾನ್ 1858ರಲ್ಲಿ ಚಪ್ಪಟೆ ಮುಚ್ಚಳದ ಟ್ರಂಕು ಮಾಡಿ, ಅದಕ್ಕೆ ಚರ್ಮದ ಬದಲು ನೀರು ಹಿಡಿಯದ ಕ್ಯಾನ್ವಾಸ್ ಹೊದಿಸಿದ. ದೊಡ್ಡ ಹೆಸರಿನ ಹಿಂದಿರುವ ವಿಷಯ ಇಷ್ಟು ಸರಳ. 2017ರಲ್ಲಿ ದುಬೈ ವಿಮಾನ ನಿಲ್ದಾಣದವರು, ಒಂದು ಬದಿಯಾದರೂ ಚಪ್ಪಟೆ ಇಲ್ಲದ ಸಾಮಾನನ್ನು ತೆಗೆದುಕೊಳ್ಳುವುದಿಲ್ಲ ಎಂದಾಗ ನಮ್ಮ ಕಡೆಯವರು ಬೊಬ್ಬೆ ಹೊಡೆದರು. ಕಂಬಳಿಯನ್ನು ಉಂಡೆ ಮಾಡಿ ಹಗ್ಗ ಬಿಗಿದು ತರುವವರು ಅವರೇ ತಾನೆ! ಬೆಲ್ಟಿನ ಮೇಲೆ ಉರುಳುವ ಗಂಟು ಹಿಂದಿನ ಸಾಮಾನನ್ನೆಲ್ಲ ನಿಲ್ಲಿಸುತ್ತದೆ.

ಅಮೆರಿಕದ ಡೆನ್ವರಿನಲ್ಲಿ 1910ರಲ್ಲಿ ಟ್ರಂಕಿನ ಕಾರ್ಖಾನೆ ಹಾಕಿದ ಜೆಸ್ಸಿ ಶ್ವೇಡರ್ ತನ್ನ ಪೆಟ್ಟಿಗೆಗೆ ಬೈಬಲಿನ ಬಲಶಾಲಿ ಸ್ಯಾಮ್ಸನ್ನನ ಹೆಸರಿಟ್ಟ. ಪೆಟ್ಟಿಗೆಯ ಮೇಲೆ ಹಲಗೆಯಿಟ್ಟು ಮನೆಯ ಗಂಡಸರು ಸಾಲಾಗಿ ಹತ್ತಿ ನಿಂತು ತೆಗೆಸಿಕೊಂಡ ಫೋಟೋವೇ ಜಾಹೀರಾತು. ಸ್ಯಾಮ್ಸೊನೈಟ್ ಎಂಬ ಹೆಸರು 1941ರಲ್ಲಿ ಒಂದು ಸೂಟ್‌ಕೇಸಿಗೆ ಬಂತು, 1965ರಲ್ಲಿ ಕಂಪನಿಗೇ ಆಯಿತು. ಆ ಫೋಟೋದ ಪರೀಕ್ಷೆ ಅದರ ಕಾಲಕ್ಕೆ ಸರಿಯಾದದ್ದು, ಏಕೆಂದರೆ ಆಗ ಪೆಟ್ಟು ಬೀಳುತ್ತಿದ್ದದ್ದು ಮೇಲಿನಿಂದ. ಈಗಲೂ ಅಂಗಡಿಯಲ್ಲಿ ಸೇಲ್ಸ್‌ಮನ್ ಪೆಟ್ಟಿಗೆಯ ಮೇಲೆ ಹತ್ತಿ ಕುಣಿದು ತೋರಿಸಿದರೆ ನನಗೆ ನಗು. ಕುಣಿದಾಗ ಚಕ್ರ ನೆಲಕ್ಕೇ ತಾಗಿರುವುದಿಲ್ಲ!

ವಿಮಾನ ಬಂದಾಗ ಗಟ್ಟಿತನದ ಜೊತೆ ಹಗುರವೂ ಬೇಕಾಯಿತು. ಮೊದಲ ವಿಮಾನಗಳಲ್ಲಿ ಸಾಮಾನಿನ ಜೊತೆ ಪ್ರಯಾಣಿಕರನ್ನೂ ತಕ್ಕಡಿ ಹತ್ತಿಸುತ್ತಿದ್ದರು. ಜರ್ಮನಿಯ ಕಲೋನಿನಲ್ಲಿ 1898ರಿಂದ ಪೆಟ್ಟಿಗೆ ಮಾಡುತ್ತಿದ್ದ ಮನೆತನದ ರಿಚರ್ಡ್ ಮೋರ್ಸ್ಝೆಕ್ 1937ರಲ್ಲಿ ಅಲ್ಯುಮಿನಿಯಂ ಟ್ರಂಕು ತಂದ. 1950ರಲ್ಲಿ ಅದಕ್ಕೆ ಉದ್ದುದ್ದ ಗೀರು ಬಂದವು, ಜುಂಕರ್ಸ್ ವಿಮಾನದ ಮೈಯ ತಗಡು ನೋಡಿ ಮಾಡಿದ್ದು. ಆ ಮನೆತನದ ರಿಮೋವಾ ಪೆಟ್ಟಿಗೆಯ ಗುರುತು ಇವತ್ತಿಗೂ ಅದೇ. ಅಂದಕ್ಕೆ ಎಂದುಕೊಂಡವರೇ ಹೆಚ್ಚು. ತೆಳು ತಗಡಿಗೆ ಏಣು ಹೊಡೆದರೆ ಅದು ಮಡಚುವುದಿಲ್ಲ ಎಂಬುದು ತಗಡಿನ ಕೆಲಸದವರೆಲ್ಲ ಬಲ್ಲ ಮಾತು, ನಮ್ಮ ಅಪ್ಪನೂ ಟ್ರಂಕಿನ ಮುಚ್ಚಳಕ್ಕೆ ಅಡ್ಡ ಏಣು ಹೊಡೆಯುತ್ತಿದ್ದರು. ಅಲ್ಯುಮಿನಿಯಂ ಪೆಟ್ಟಿಗೆ ತಗ್ಗು ಬೀಳುತ್ತದೆ, ಒಡೆಯುವುದಿಲ್ಲ. ಒಳಗಿನಿಂದ ಮರದ ಕೊಡತಿಯಲ್ಲಿ ತಟ್ಟಿ ಎತ್ತಿದರಾಯಿತು, ರಿವೆಟ್ ಹೋದರೆ ಹೊಸದು ಹೊಡೆದರಾಯಿತು.

ನಮ್ಮೂರಿನ ಕತೆ ಬೇರೆ. 1970ರ ದಶಕದಲ್ಲಿ ಇಲ್ಲಿಯ ಹುಡುಗರು ಗಲ್ಫಿಗೆ ಹೊರಟಾಗ ನಮ್ಮ ಬಜ್ಪೆ ವಿಮಾನ ನಿಲ್ದಾಣದಿಂದ ಹೊರದೇಶಕ್ಕೆ ವಿಮಾನವೇ ಇರಲಿಲ್ಲ. ಬೊಂಬಾಯಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಹಾರಬೇಕು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ, ಬಜ್ಪೆಯಿಂದ ದುಬೈಗೆ ನೇರ ವಿಮಾನ 2006ರಲ್ಲಿ. ಅಷ್ಟರವರೆಗೆ ಮಂಗಳೂರಿನವರ ಸೂಟ್‌ಕೇಸು ವಿಮಾನದ ಹೊಟ್ಟೆಯನ್ನೂ ತಾಳಬೇಕು, ಘಟ್ಟದ ತಿರುವಿನಲ್ಲಿ ಓಲಾಡುವ ಬಸ್ಸಿನ ಮಾಡನ್ನೂ ತಾಳಬೇಕು. ಬರುವಾಗ ಅದರೊಳಗೆ ಟೂ-ಇನ್-ವನ್ ರೇಡಿಯೋ, ಸೀರೆಬಟ್ಟೆ, ಹಾಲಿನ ಪುಡಿಯ ಡಬ್ಬಿ, ಅತ್ತರು, ಕೊಡೆ. ಕಸ್ಟಮ್ಸಿನವರು ಬಿಚ್ಚಿಸಿ ನೋಡಿದ ಮೇಲೆ ಮತ್ತೆ ತುರುಕಿದ್ದರಿಂದ ಮುಚ್ಚಳ ಕೂರುವುದಿಲ್ಲ, ಲಾಕು ಬಾಗುತ್ತದೆ. ಅದಕ್ಕೇ ಹಗ್ಗ. ಬಿಳಿ ಬಟ್ಟೆ ಸುತ್ತಿ ದಬ್ಬಣದಲ್ಲಿ ಹೊಲಿದು, ಕಪ್ಪು ಪೇಂಟಿನಲ್ಲಿ ಹೆಸರು, ಊರು ಬರೆಸುವುದೂ ಇತ್ತು. ವಿಐಪಿ ಕಂಪನಿಯ ಅಚ್ಚು ಹೊಯ್ದ ಗಟ್ಟಿ ಸೂಟ್‌ಕೇಸು ಮದುವೆಯ ಉಡುಗೊರೆಯಾಗಿ ಮನೆಮನೆ ಸೇರಿದ್ದೂ ಆ ವರ್ಷಗಳಲ್ಲೇ. ಅವುಗಳ ಒಂದು ಗುಣ ನಾನು ಹೇಳಲೇಬೇಕು: ಲಾಕು, ಹ್ಯಾಂಡಲ್ ಎಲ್ಲ ರಿವೆಟ್ಟಿನಲ್ಲಿ ಕೂತಿದ್ದವು. ಡ್ರಿಲ್ ಮಾಡಿ ತೆಗೆದು ಬೇರೆ ಕೂರಿಸಲು ಕಾಲು ಗಂಟೆ ಸಾಕು. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಅಮ್ಮಾನ್ ಮೂಲಕ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ನಮ್ಮ ಕಡೆಯವರೂ ಅದರಲ್ಲಿ ತುಂಬ ಇದ್ದರು, ಕೈಚೀಲದಲ್ಲಿ ಪಾಸ್‌ಪೋರ್ಟು ಹಿಡಿದು ಬಂದವರು. ಆ ಮಳೆಗಾಲ ಅಂಗಡಿಗೆ ಕೆಲಸವೇ ಬರಲಿಲ್ಲ.

ಇನ್ನು ಚಕ್ರ. 1970ರಲ್ಲಿ ಬರ್ನಾರ್ಡ್ ಸ್ಯಾಡೋ ಎಂಬ ಲಗೇಜು ಕಂಪನಿಯವ ಅರೂಬಾ ದ್ವೀಪದಿಂದ ಸಂಸಾರ ಸಮೇತ ಮರಳುತ್ತಾ, ಎರಡು ಭಾರದ ಸೂಟ್‌ಕೇಸು ಹೊತ್ತು ಏದುತ್ತಿದ್ದಾಗ ಕೆಲಸಗಾರನೊಬ್ಬ ಯಂತ್ರವನ್ನು ಚಕ್ರದ ಹಲಗೆಯ ಮೇಲೆ ತಳ್ಳಿಕೊಂಡು ಹೋಗುವುದನ್ನು ಕಂಡ. ಮನೆಗೆ ಬಂದು ಪೆಟ್ಟಿಗೆಯ ಅಡಿಗೆ ನಾಲ್ಕು ಉರುಳುಚಕ್ರ ಬಡಿದು ಎಳೆಯಲು ಪಟ್ಟಿ ಕಟ್ಟಿದ. ಗಂಡಸರು ಇದನ್ನು ಎಳೆಯುವುದಿಲ್ಲ ಎಂದು ಅಂಗಡಿಯವರು ವಾಪಸು ಕಳಿಸಿದರಂತೆ. ಕೊನೆಗೆ ನ್ಯೂಯಾರ್ಕಿನ ಮೇಸೀಸ್ ಮಳಿಗೆ ಇಟ್ಟುಕೊಂಡಿತು, 1972ರಲ್ಲಿ ಪೇಟೆಂಟೂ ಸಿಕ್ಕಿತು. ಆದರೆ ಉದ್ದ ಬದಿಯ ಮೇಲೆ ನಿಂತ ಪೆಟ್ಟಿಗೆ ತಿರುವಿನಲ್ಲಿ ಮಗುಚಿ ಬೀಳುತ್ತಿತ್ತು. ಅದನ್ನು ಸರಿಮಾಡಿದವ ವಿಮಾನ ನಡೆಸುವವನೇ. ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಪೈಲಟ್ ರಾಬರ್ಟ್ ಪ್ಲಾತ್ 1987ರಲ್ಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೆಳಮೂಲೆಗೆ ಎರಡು ಚಕ್ರ, ಮೇಲೆ ಉದ್ದ ಹ್ಯಾಂಡಲ್ ಇಟ್ಟ. ಮೊದಲು ಕೊಂಡವರು ಅವನ ಜೊತೆಯ ಪೈಲಟ್‌ಗಳು, ಏರ್‌ಹೋಸ್ಟೆಸ್‌ಗಳು. ನಿಲ್ದಾಣದಲ್ಲಿ ಅವರ ಹಿಂದೆ ನಡೆದ ಪ್ರಯಾಣಿಕರಿಗೂ ಅದು ಬೇಕೆನಿಸಿತು. ಟ್ರಾವೆಲ್‌ಪ್ರೋ ಕಂಪನಿ ಹುಟ್ಟಿದ್ದು ಹಾಗೆ.

ಪ್ಲಾತನ ಎರಡು ಚಕ್ರ ಮೂಲೆಯ ಗೂಡಿನೊಳಗೆ ಅಡಗಿರುತ್ತವೆ, ಪೆಟ್ಟು ಬಿದ್ದರೂ ಪೆಟ್ಟಿಗೆಯ ಮೈಗೆ ಬೀಳುತ್ತದೆ. ಆಮೇಲೆ ಬಂದ ನಾಲ್ಕು ಚಕ್ರದ್ದು ಬೆರಳಲ್ಲಿ ತಳ್ಳಿದರೆ ಹೋಗುತ್ತದೆ ನಿಜ, ಆದರೆ ಚಕ್ರಗಳು ಆಕಳ ಮೊಲೆಯ ಹಾಗೆ ಕೆಳಗೆ ಜೋತಿರುತ್ತವೆ. ಮಂಗಳೂರಿನಿಂದ ಗಲ್ಫಿಗೆ ಹೋಗುವ ಬೋಯಿಂಗ್ 737ರಲ್ಲಿ ಕಂಟೇನರ್ ಇಲ್ಲ, ಲೋಡರ್‌ಗಳು ಒಳಗೆ ಬಗ್ಗಿ ಕೂತು ಒಂದೊಂದನ್ನೇ ಕೈಯಲ್ಲಿ ಎಸೆದು ಅಟ್ಟಿ ಹಾಕುತ್ತಾರೆ. ಅವರನ್ನು ಬೈಯಬೇಡಿ. ಒಂದು ಪೆಟ್ಟಿಗೆ 32 ಕಿಲೋ ಮೀರಬಾರದೆಂಬ ನಿಯಮ ಬಂದದ್ದೇ ಅವರ ಬೆನ್ನು ಉಳಿಯಲಿ ಎಂದು. ಆ ಎಸೆತದಲ್ಲಿ ಬದಿಯಿಂದ ಪೆಟ್ಟು ಬಿದ್ದಾಗ ಜೋತ ಚಕ್ರ ಗೂಡು ಸಮೇತ ಕಿತ್ತುಬರುತ್ತದೆ. ತಿಂಗಳಿಗೊಮ್ಮೆ ಹಾರುವವರಿಗೆ ನಾನು ಹೇಳುವುದು ಈಗಲೂ ಎರಡು ಚಕ್ರದ್ದನ್ನೇ. ಅಂಗಡಿಗಳಲ್ಲಿ ಅದು ಸಿಗುವುದು ಕಡಿಮೆಯಾಗಿದೆ, ಏನು ಮಾಡುವುದು.

ಕರಾವಳಿಗೆ ಇನ್ನೊಂದು ಶಾಪ ಉಂಟು. ರಜೆಗೆ ಬಂದವರು ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕುತ್ತಾರೆ, ಎರಡು ಮಳೆಗಾಲ ಕಳೆದು ಇಳಿಸಿದರೆ ಚಕ್ರದ ಸುತ್ತಿನ ಮೆತ್ತನೆ ಪಟ್ಟೆ ಕೈಗೆ ಅಂಟುತ್ತದೆ, ನಾಲ್ಕು ಹೆಜ್ಜೆ ಎಳೆದರೆ ಬೆಲ್ಲದಂತೆ ಪುಡಿಯಾಗಿ ಅಂಗಳದಲ್ಲಿ ಉದುರುತ್ತದೆ. ಅದು ಪಾಲಿಯುರೆಥೇನ್. ಗಾಳಿಯ ತೇವಕ್ಕೆ ತಾನಾಗಿಯೇ ಕೊಳೆಯುವ ಜಾತಿ ಅದರಲ್ಲಿ ಉಂಟು, ಉಪಯೋಗಿಸದಿದ್ದರೂ ಕೊಳೆಯುತ್ತದೆ. ಒಳಗಿನ ಲೈನಿಂಗಿನ ಬೆನ್ನಿಗೆ ಅದರ ಲೇಪ ಇದ್ದರೆ ಬಟ್ಟೆಗೆಲ್ಲ ಹುಡಿ. ಚಕ್ರ ಬದಲಿಸುವುದೇನೋ ಸುಲಭ: ಹ್ಯಾಕ್ಸಾ ಬ್ಲೇಡನ್ನು ಸಂದಿಯಲ್ಲಿ ತೂರಿಸಿ ಇರುಸು ಕೊಯ್ಯಬೇಕು, ಹೊಸ ಚಕ್ರಕ್ಕೆ ಎರಡು ಬೇರಿಂಗು, ಸ್ಟೀಲ್ ಬೋಲ್ಟು, ನೈಲಾನ್ ನಟ್ಟು. ಆದರೆ ಚಕ್ರದ ಗೂಡನ್ನೇ ಮೈಗೆ ಅಂಟಿಸಿದ ಪೆಟ್ಟಿಗೆಗೆ ನನ್ನಲ್ಲಿ ಮದ್ದಿಲ್ಲ.

ಪೆಟ್ಟಿಗೆಯ ಮೈಯ ಮಾತು ಬೇಗ ಮುಗಿಯುತ್ತದೆ. ಅಗ್ಗದ ಎಬಿಎಸ್ ಪ್ಲಾಸ್ಟಿಕ್ ಬಿರುಸು, ಮೂಲೆ ಬಡಿದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ, ಸೂಟ್‌ಕೇಸಿಗೆ ಅದು ಬಂದದ್ದು 2000ದಲ್ಲಿ, ರಿಮೋವಾದಿಂದಲೇ. ಪಾಲಿಪ್ರೊಪಿಲೀನ್ ಹಗುರ, ಗಡುಸು, ನನ್ನ ಓಟು ಅದಕ್ಕೆ. ಮುಚ್ಚಳದ ನಡುವೆ ಹೆಬ್ಬೆರಳಲ್ಲಿ ಒತ್ತಿ ನೋಡಿ. ಟಕ್ ಎಂದರೆ ಬಿಟ್ಟುಬಿಡಿ. ಜಿಪ್ಪಿಗೆ ಬೀಗ ಹಾಕಿದೆ ಎಂದು ನೆಮ್ಮದಿಯಿಂದ ಇರಬೇಡಿ, ಸಾದಾ ಕಾಯಿಲ್ ಜಿಪ್ಪನ್ನು ಬಾಲ್‌ಪೆನ್ನಿನ ಮೊನೆಯಲ್ಲಿ ಬಿಡಿಸಿ, ಮತ್ತೆ ಬೀಗದ ತುದಿಯನ್ನೇ ಎಳೆದು ಮುಚ್ಚಬಹುದು.

ಮುರಿದ ಪೆಟ್ಟಿಗೆ ತಂದವರಲ್ಲಿ ಕೆಲವರು ರಿಪೇರಿ ಕೇಳುವುದಿಲ್ಲ, ವಿಮಾನದವರಿಂದ ಪರಿಹಾರ ಪಡೆಯಲು “ಸರಿ ಮಾಡ್ಲಿಕ್ಕೆ ಆಗುದಿಲ್ಲ ಅಂತ ಒಂದು ಲೆಟರ್ ಕೊಡಿ” ಎನ್ನುತ್ತಾರೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರ ಪ್ರಕಾರ ಪೆಟ್ಟಿಗೆ ಕೈಗೆ ಸಿಕ್ಕಿದ 7 ದಿನದೊಳಗೆ ಬರೆದು ದೂರು ಕೊಡಬೇಕು. ಪೆಟ್ಟಿಗೆಯ ಸ್ವಂತ ದೋಷದಿಂದಲೇ ಹಾಳಾಗಿದ್ದರೆ ವಿಮಾನದವರ ಹೊಣೆ ಇಲ್ಲ. ಏಳನೇ ದಿನ ದಾಟಿ ಬಂದವರಿಗೆ ಲೆಟರ್ ಬರೆದು ಪ್ರಯೋಜನವಿಲ್ಲ, ಚಕ್ರ ಹಾಕಿ ಕಳಿಸುತ್ತೇನೆ.

ಮೊನ್ನೆ ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಹುಡುಗಿಯೊಬ್ಬಳು ಕೇಳಿದಳು, “ಅಂಕಲ್, ಹೊಸದು ತೆಗೊಳ್ಳುವಾಗ ಏನು ನೋಡ್ಬೇಕು?”

“ಅಂಗಡಿಯಲ್ಲೇ ಕವುಚಿ ಹಾಕು ಮಗಾ. ಒಳಗಿನ ಲೈನಿಂಗಿನ ಜಿಪ್ ತೆಗೆದು ಚಕ್ರದ ಬುಡಕ್ಕೆ ಸ್ಕ್ರೂ ಉಂಟಾ ನೋಡು. ಲೈನಿಂಗಿಗೆ ಜಿಪ್ಪೇ ಇಲ್ಲದಿದ್ದರೆ ಬೇರೆ ತೋರಿಸ್ಲಿಕ್ಕೆ ಹೇಳು.”

“ಅವರು ಸಿಟ್ಟು ಮಾಡಿದರೆ?”

“ಮಾಡ್ತಾರೆ,” ಎಂದೆ.