ಮಲ್ಪೆಯ ಮೀನು, ಗಾಮಾನ ಅಂಗಿ

ಮದುವೆ ಕಾರ್ಡ್ ಹಂಚುವಾಗ ಆಫೀಸಿನಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಊಟಕ್ಕೆ ಏನೇನಿದೆ? ಹನಿಮೂನ್ ಎಲ್ಲಿಗೆ? ಎರಡನೆಯದಕ್ಕೆ ಉತ್ತರವನ್ನೂ ಅವರೇ ರೆಡಿ ಇಟ್ಟುಕೊಂಡಿರ್ತಾರೆ: ಮಾಲ್ಡೀವ್ಸ್, ಬಾಲಿ, ಥಾಯ್ಲೆಂಡ್. ದ್ವೀಪದಿಂದ ದ್ವೀಪಕ್ಕೆ ಹಾರುತ್ತಾ, ಒಳ್ಳೆಯದನ್ನು ತಿನ್ನುತ್ತಾ, ಸೂರ್ಯಾಸ್ತದ ಫೋಟೋ ಹಾಕುತ್ತಾ ಇರಬೇಕು, ಅಷ್ಟೇ. ನಾವು ಹೋಗಿದ್ದೂ ದ್ವೀಪಕ್ಕೇ. ಆದರೆ ಪಾಸ್‌ಪೋರ್ಟ್ ಬೇಕಾಗಲಿಲ್ಲ. ಹೆಂಡತಿಯ ತವರು ಕಾಪು, ನನ್ನದು ಬೆಂಗಳೂರು. ಮಣಿಪಾಲದಲ್ಲಿ ರೂಮು ಮಾಡಿ ನಾಲ್ಕು ದಿನ ಮಲ್ಪೆ, ಮಟ್ಟು, ಕಾಪು, ಕಾರ್ಕಳ ಅಂತ ಸುತ್ತಿದೆವು. ಇದು ಪ್ರವಾಸ ಕಥನ ಅಲ್ಲ. ಆ ನಾಲ್ಕು ದಿನ ಕಣ್ಣಿಗೆ ಬಿದ್ದದ್ದು ಮತ್ತು ತಟ್ಟೆಗೆ ಬಿದ್ದದ್ದು ಎರಡರ ಹಿಂದೆಯೂ ಒಂದೇ ಇತಿಹಾಸ ಇದೆ ಅನ್ನೋದನ್ನು ಹೇಳಬೇಕು, ಅದಕ್ಕೆ ಈ ಬರಹ.

ಮಲ್ಪೆ ಬಂದರಿನಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಆರೇಳು ಕಿಲೋಮೀಟರ್. ಊರವರ ಬಾಯಲ್ಲಿ ಅದು ತೋನ್ಸೆಪಾರ್. ದೋಣಿ ಹತ್ತಿರವಾಗುತ್ತಿದ್ದಂತೆ ತೆಂಗಿನ ಮರಗಳ ಕೆಳಗೆ ಯಾರೋ ಪೆನ್ಸಿಲ್‌ಗಳನ್ನು ಕಟ್ಟು ಕಟ್ಟಾಗಿ ನಿಲ್ಲಿಸಿದ ಹಾಗೆ ಕಲ್ಲುಕಂಬಗಳು ಕಾಣುತ್ತವೆ. ಐದು ಮೂಲೆ, ಆರು ಮೂಲೆ, ಎತ್ತರ ಒಂದೊಂದರದೂ ಬೇರೆ ಬೇರೆ. ಯಾವ ಶಿಲ್ಪಿಯೂ ಕಡೆದದ್ದಲ್ಲ. ಲಾವಾ ತಣ್ಣಗಾಗುವಾಗ ಕುಗ್ಗಿ, ಬೇಸಿಗೆಯಲ್ಲಿ ಕೆರೆಯ ಕೆಸರು ಬಿರಿಯುವ ರೀತಿಯಲ್ಲೇ ಬಿರಿದು ಆದ ಕಂಬಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

ಈ ಲಾವಾದ ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದವು. ಅವು ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಬೆಂಕಿ ಇದು. ಅಂದರೆ ನೋಡಿ, ನಾವು ಹನಿಮೂನಿಗೆ ಹೋಗಿದ್ದು ಎರಡು ಭೂಭಾಗಗಳ ಡೈವೋರ್ಸ್ ಆದ ಜಾಗಕ್ಕೆ! ಹೆಂಡತಿಗೆ ಇದನ್ನು ಹೇಳಿದೆ. "ಮೊದಲೇ ಹೇಳಿದ್ದರೆ ಬಾಲಿಗೇ ಹೋಗಬಹುದಿತ್ತು ಮಾರಾಯ" ಅಂದಳು.

ಈಗ ಹೆಸರಿನ ವಿಷಯ. ದ್ವೀಪದ ಬಗ್ಗೆ ಎಲ್ಲಿ ಹುಡುಕಿದರೂ ಸಿಗೋ ಒಂದು ವಾಕ್ಯ ಇದೆ: 1498ರಲ್ಲಿ ಪೋರ್ಚುಗಲ್‌ನಿಂದ ಬಂದ ವಾಸ್ಕೋ ಡ ಗಾಮಾ ಮೊದಲು ಇಲ್ಲಿ ಇಳಿದು, ಆಮೇಲೆ ಕಲ್ಲಿಕೋಟೆಗೆ ಹೋದ. ಇದು ತಿರುವುಮುರುವು. ಗಾಮಾ ಆ ವರ್ಷದ ಮೇ ತಿಂಗಳಲ್ಲೇ ಕಲ್ಲಿಕೋಟೆ ತಲುಪಿದ್ದ. ಈ ಕಡೆ ಬಂದದ್ದು ಸೆಪ್ಟೆಂಬರ್‌ನಲ್ಲಿ, ವಾಪಸ್ ಹೋಗುವ ದಾರಿಯಲ್ಲಿ. ಅದೂ ಗೆದ್ದು ಬಂದದ್ದಲ್ಲ, ಮುಖಭಂಗ ಆಗಿ ಬಂದದ್ದು.

ಕಲ್ಲಿಕೋಟೆಯಲ್ಲಿ ಏನಾಯ್ತು ಅಂದರೆ, ಸಾಮೂದಿರಿ ರಾಜನಿಗೆ ಕೊಡಲು ಗಾಮಾ ಎತ್ತಿಟ್ಟ ಉಡುಗೊರೆಗಳಲ್ಲಿ ಆರು ಟೋಪಿ, ಆರು ಕೈತೊಳೆಯುವ ಬೋಗುಣಿ, ಒಂದಿಷ್ಟು ಬಟ್ಟೆ, ಹವಳ, ಸಕ್ಕರೆ, ಎಣ್ಣೆ, ಜೇನು ಇದ್ದವು. ಇದನ್ನು ನೋಡಿ ರಾಜನ ಕಡೆಯವರು ನಕ್ಕರು. ಅರಬ್ ವರ್ತಕರು ಚಿನ್ನ ಸುರಿದು ಮೆಣಸು ಒಯ್ಯುತ್ತಿದ್ದ ಬಂದರು ಅದು. ದೊಡ್ಡ ಮದುವೆಗೆ ಪ್ಲಾಸ್ಟಿಕ್ ಗಡಿಯಾರ ಪ್ಯಾಕ್ ಮಾಡಿ ತಂದವನ ಸ್ಥಿತಿ ಗಾಮಾನದ್ದು. ವ್ಯಾಪಾರ ನಡೆಯಲಿಲ್ಲ, ಸುಂಕದ ಜಗಳ ಬಂತು, ಕೊನೆಗೆ ಕೆಲವು ಸ್ಥಳೀಯರನ್ನು ಬಲವಂತವಾಗಿ ಹಡಗಿನಲ್ಲಿ ಕೂಡಿಹಾಕಿಕೊಂಡು ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟ.

ಆ ಯಾನದ ದಿನಚರಿಯೊಂದು ಉಳಿದಿದೆ, ಜೊತೆಗಿದ್ದವನೊಬ್ಬ ಬರೆದದ್ದು. ಅದರ ಪ್ರಕಾರ ಸೆಪ್ಟೆಂಬರ್ 15ರಂದು ದಡದಿಂದ ಸ್ವಲ್ಪ ದೂರದ ಪುಟ್ಟ ದ್ವೀಪಗಳ ಬಳಿ ಹಡಗು ನಿಂತವು. ಪೋರ್ಚುಗಲ್ ದೊರೆ ಮೂರು ಕಲ್ಲುಕಂಬ ಕೊಟ್ಟು ಕಳಿಸಿದ್ದ, ಹೋದಲ್ಲಿ ನೆಟ್ಟು ಬನ್ನಿ ಅಂತ. ಒಂದು ಆಫ್ರಿಕಾದಲ್ಲಿ, ಇನ್ನೊಂದು ಕಲ್ಲಿಕೋಟೆಯಲ್ಲಿ ಖರ್ಚಾಗಿತ್ತು. ಉಳಿದದ್ದು ಸಾಂತಾ ಮರಿಯಾ ಹೆಸರಿನದು. ಅದು ಇಲ್ಲಿ ನಿಂತಿತು. ಹೆಸರು ಬಂದದ್ದು ಹೀಗೆ.

ಅದೇ ದಿನಚರಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಬೇರೆ. ಕಂಬ ನೆಡುವ ಹೊತ್ತಿಗೆ ದಡದಿಂದ ದೋಣಿಗಳು ಬಂದವು. ದೋಣಿಯ ತುಂಬಾ ಮೀನು. ಗಾಮಾ ಆ ಜನರಿಗೆ ಅಂಗಿಗಳನ್ನು ಕೊಟ್ಟ. ಇಲ್ಲಿ ಕಂಬ ನೆಡಲಾ ಎಂದು ಕೇಳಿದ. ನೆಡಿ, ನೀವೂ ನಮ್ಮ ಹಾಗೆ ಕ್ರೈಸ್ತರು ಅಂತ ಅದರಿಂದ ಖಾತ್ರಿಯಾಗುತ್ತದೆ, ಎಂದು ಅವರು ಸಂತೋಷಪಟ್ಟರಂತೆ! ಕಲ್ಲಿಕೋಟೆಯ ದೇವಸ್ಥಾನವನ್ನೇ ಚರ್ಚ್ ಅಂದುಕೊಂಡು ಕೈಮುಗಿದು ಬಂದವರು ಇವರು, ಮಲ್ಪೆಯ ಮೀನುಗಾರರನ್ನು ಕ್ರೈಸ್ತರು ಅಂದುಕೊಂಡದ್ದರಲ್ಲಿ ಆಶ್ಚರ್ಯ ಏನಿಲ್ಲ. ಇವರಿಗೆ ಅವರ ಭಾಷೆ ಗೊತ್ತಿಲ್ಲ, ಅವರಿಗೆ ಇವರದ್ದು ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ: ದೂರದಿಂದ ಬಂದವರು ಹಸಿದಿದ್ದಾರೆ, ಮೀನು ಕೊಡಬೇಕು. ಈ ಕರಾವಳಿಯ ಕಡಲನ್ನು ತಲೆಮಾರುಗಳಿಂದ ಬಲ್ಲವರು ಮೊಗವೀರರು. ಅಂದು ಮೀನು ತಂದವರಲ್ಲಿ ಒಬ್ಬರ ಹೆಸರನ್ನೂ ದಿನಚರಿ ಬರೆದಿಟ್ಟಿಲ್ಲ. ದ್ವೀಪಕ್ಕೆ ಹೆಸರು ಬಂದದ್ದು ಕಂಬದ್ದು, ಮೀನಿನದ್ದಲ್ಲ.

ಐಲ್ಯಾಂಡ್ ಹಾಪಿಂಗ್ ಅಂದರೆ ನಿಜಕ್ಕೂ ಗಾಮಾನದ್ದು. ಇಲ್ಲಿಂದ ಹೊರಟವನು ಕಾರವಾರದ ಹತ್ತಿರದ ಅಂಜುದೀವ್ ದ್ವೀಪಕ್ಕೆ ಹೋಗಿ, ನೀರು ತುಂಬಿಸಿ, ಹಡಗು ರಿಪೇರಿ ಮಾಡಿಸಿ, ಅಕ್ಟೋಬರ್ 5ರಂದು ಅರಬ್ಬೀ ಸಮುದ್ರಕ್ಕೆ ಇಳಿದ. ಬರುವಾಗ ಮುಂಗಾರಿನ ಗಾಳಿ ಬೆನ್ನಿಗಿದ್ದು ಮೂರು ವಾರ ಚಿಲ್ಲರೆಯಲ್ಲಿ ದಾಟಿದ್ದ ಕಡಲು, ಹೋಗುವಾಗ ಹೆಚ್ಚುಕಮ್ಮಿ ಮೂರು ತಿಂಗಳು ತಿಂದಿತು. ಒಸಡು ಊದಿ, ಕೈಕಾಲು ಬಾತು ಸುಮಾರು 30 ಜನ ಸತ್ತರು. ಸ್ಕರ್ವಿ, ಅಂದರೆ ಸಿ ವಿಟಮಿನ್ ಇಲ್ಲದೆ ಬರುವ ಕಾಯಿಲೆ. ಆ ವಿಟಮಿನ್ ತುಂಬಿಕೊಂಡಿರುವ ಒಂದು ತರಕಾರಿಯನ್ನು ಇವರ ನಂತರದ ಹಡಗುಗಳೇ ನಮ್ಮ ದಡಕ್ಕೆ ತಂದವು. ಅದೇ ಹಸಿಮೆಣಸಿನಕಾಯಿ.

ಇಲ್ಲಿಂದ ಕಥೆ ಊಟಕ್ಕೆ ಬರುತ್ತದೆ.

ಮೊದಲ ಮಧ್ಯಾಹ್ನ ಮಲ್ಪೆಯಲ್ಲಿ ಬಂಗುಡೆ ಪುಳಿಮುಂಚಿ ತಿಂದೆವು. ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸಿನಕಾಯಿ. ಹಾಗಾದರೆ ಕಾಳುಮೆಣಸಿಗೆ ಏನಂತೀರಿ ಎಂದು ಕೇಳಿದೆ. "ಎಡ್ಡೆಮುಂಚಿ" ಅಂದಳು. ಎಡ್ಡೆ ಅಂದರೆ ಒಳ್ಳೆಯದು. ಕರಾವಳಿ, ಮಲೆನಾಡಿನ ಕನ್ನಡದಲ್ಲೂ ಇದಕ್ಕೆ ಒಳ್ಳೆಮೆಣಸು ಅಂತಲೇ ಹೆಸರು. ಸ್ವಲ್ಪ ಯೋಚನೆ ಮಾಡಿ. ಸಾವಿರಾರು ವರ್ಷ ಇಲ್ಲಿ ಮೆಣಸು ಅಂದರೆ ಒಂದೇ ಇತ್ತು, ಪಶ್ಚಿಮ ಘಟ್ಟದ ಬಳ್ಳಿಯಲ್ಲಿ ಬಿಡುವ ಕಪ್ಪು ಕಾಳು. ಅದಕ್ಕೆ "ಒಳ್ಳೆ" ಅಂತ ಸೇರಿಸುವ ಅಗತ್ಯವೇ ಇರಲಿಲ್ಲ. ಅಮೆರಿಕ ಖಂಡದ ಕೆಂಪು ಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದು, ಹಿತ್ತಲಲ್ಲಿ ಬೆಳೆದು, ಅಗ್ಗಕ್ಕೆ ಸಿಕ್ಕಿ, ಮೆಣಸಿನ ಹೆಸರನ್ನೇ ಕಿತ್ತುಕೊಂಡಿತು. ಹಳೆಯ ಬಾಡಿಗೆದಾರನಿಗೆ "ಒಳ್ಳೆಯವನು" ಅಂತ ಸಮಾಧಾನ ಹೇಳಿ ಪಕ್ಕದ ರೂಮು ಕೊಟ್ಟ ಹಾಗೆ. ಗಾಮಾ ಅರ್ಧ ಭೂಮಿ ಸುತ್ತಿ ಬಂದದ್ದು ಮೆಣಸಿಗಾಗಿ. ಅವನ ಜನ ಬಿಟ್ಟುಹೋದದ್ದು, ಮೆಣಸಿನ ಹೆಸರೇ ಬೇರೆಯವರ ಪಾಲಾದ ಒಂದು ಅಡುಗೆಮನೆ.

ನಮ್ಮ ಮದುವೆಯ ಊಟದಲ್ಲಿ ಅನಾನಸ್ ಮೆಣಸ್ಕಾಯಿ ಇತ್ತು. ಉಡುಪಿ ಕಡೆಯ ಮದುವೆಯಲ್ಲಿ ಅದಿಲ್ಲದಿದ್ದರೆ ಬಡಿಸಿದ್ದು ಕಡಿಮೆಯಾಯ್ತು ಅಂತ ಅನ್ನುವವರುಂಟು. "ಅನಾನಸ್" ಪೋರ್ಚುಗೀಸರ ಬಾಯಿಂದ ಬಂದ ಪದ, ಹಣ್ಣು ದಕ್ಷಿಣ ಅಮೆರಿಕದ್ದು. ಮಸಾಲೆ ದೋಸೆಯೊಳಗಿನ ಪಲ್ಯಕ್ಕೆ ಕರಾವಳಿಯವರು ಹಾಕೋ ಬಟಾಟೆಯೂ ಪೋರ್ಚುಗೀಸ್ ಪದವೇ. ದೋಸೆ ಹಳೆಯದು, ಚಾಲುಕ್ಯ ದೊರೆ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲೇ ಅದರ ಪ್ರಸ್ತಾಪ ಇದೆ. ಆದರೆ ಒಳಗಿನ ಆಲೂಗೆಡ್ಡೆ, ಮೆಣಸಿನಕಾಯಿ ಎರಡೂ ಕಡಲು ದಾಟಿ ಬಂದವು. ಕಾರ್ಕಳದ ಕಾರ್ಖಾನೆಗಳಲ್ಲಿ ಸುಲಿಯುವ ಗೇರುಬೀಜದ ಮೂಲ ಬ್ರೆಜಿಲ್. ಬೆಂಗಳೂರಲ್ಲಿ ನಾವು ತಿನ್ನುವ ಪರಂಗಿ ಹಣ್ಣಂತೂ ತಾನು ಪರಂಗಿಯವರದ್ದು ಅಂತ ಹೆಸರಲ್ಲೇ ಒಪ್ಪಿಕೊಂಡಿದೆ.

ಇವೆಲ್ಲ ಬರುವ ಮುಂಚಿನ ರುಚಿ ಹೇಗಿತ್ತು? ಅದಕ್ಕೆ ಮ್ಯೂಸಿಯಂಗೆ ಹೋಗಬೇಕಿಲ್ಲ. ಉಡುಪಿ ಕಡೆಯ ಸಂಪ್ರದಾಯಸ್ಥ ಮನೆಗಳ ಶ್ರಾದ್ಧದ ಅಡುಗೆ ನೋಡಿ. ಮೆಣಸಿನಕಾಯಿ ಇಲ್ಲ, ಖಾರಕ್ಕೆ ಒಳ್ಳೆಮೆಣಸು. ಬಟಾಟೆ, ಟೊಮೇಟೊ ನಿಷಿದ್ಧ. ಕಾರಣ ಕೇಳಿದರೆ ಶಾಸ್ತ್ರ ಅನ್ನುತ್ತಾರೆ. ನನಗೆ ಅದು ಇತಿಹಾಸ ಅಂತಲೂ ಕಾಣುತ್ತದೆ. ಹಿರಿಯರಿಗೆ ಬಡಿಸುವಾಗ ಹಿರಿಯರು ತಿಂದದ್ದನ್ನೇ ಬಡಿಸಬೇಕಲ್ಲ.

ಮೂರನೇ ದಿನ ಕಾಪುವಿಗೆ ಹೋಗುವಾಗ ಮಟ್ಟು ಊರಿನ ಮೇಲೆ ಹೋದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ಇಲ್ಲಿಯ ಮರಳುಮಿಶ್ರಿತ ಗದ್ದೆಗಳಲ್ಲಿ ಬೆಳೆಯುವ ದುಂಡಗಿನ ತಿಳಿಹಸಿರು ಬದನೆಯೇ ಮಟ್ಟುಗುಳ್ಳ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟು ಬೆಳೆಸಿದ್ದು ಅಂತ ಊರವರ ನಂಬಿಕೆ. ಸಂಪ್ರದಾಯದ ಲೆಕ್ಕದಲ್ಲಿ ವಾದಿರಾಜರು ಹುಟ್ಟಿದ್ದು 1480ರಲ್ಲಿ. ಅಂದರೆ ಗಾಮಾ ಕಂಬ ನೆಟ್ಟಾಗ ಅವರಿಗೆ ಹದಿನೆಂಟು. ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ ಪೂಜೆಯ ಸರದಿ ಬದಲಾಗುವ ಪರ್ಯಾಯದ ಪದ್ಧತಿಯನ್ನು ತಂದವರೂ ಅವರೇ ಅನ್ನುತ್ತಾರೆ. ಕಡಲಿನಲ್ಲಿ ಹೊಸ ಹಡಗುಗಳು ಓಡಾಡುತ್ತಿದ್ದ ಅದೇ ಕಾಲದಲ್ಲಿ ದಡದ ಮೇಲೆ ಸಾವಿರಾರು ಜನರಿಗೆ ಅನ್ನ ಹಾಕುವ ಅಡುಗೆಮನೆಯೊಂದು ತನ್ನ ಶಿಸ್ತನ್ನು ರೂಪಿಸಿಕೊಳ್ಳುತ್ತಿತ್ತು. ಅತ್ತೆ ಮಾಡಿದ ಗುಳ್ಳದ ಹುಳಿಯಲ್ಲಿ ಬದನೆ ನಮ್ಮದು, ಖಾರ ಅವರದ್ದು. ಎರಡು ತುತ್ತಿನ ನಡುವೆ ಬೇರೆ ಮಾಡಲು ನನಗಂತೂ ಸಾಧ್ಯವಾಗಲಿಲ್ಲ.

ಆದರೆ ಹಡಗಿನವರು ತಂದದ್ದು ರುಚಿ ಮಾತ್ರ ಅಂತ ಬರೆದರೆ ಅದು ಫುಡ್ ವ್ಲಾಗ್ ಆಗುತ್ತದೆ, ಇತಿಹಾಸ ಆಗಲ್ಲ. ಅಂಗಿ ಕೊಟ್ಟು ಮೀನು ಪಡೆದ ಸ್ನೇಹ ಹೆಚ್ಚು ದಿನ ಬಾಳಲಿಲ್ಲ. 1510ರಲ್ಲಿ ಗೋವಾ ಅವರ ಕೈಗೆ ಹೋಯಿತು. ಆಮೇಲೆ ಈ ಕಡಲಿನಲ್ಲಿ ಸರಕಿನ ಹಡಗು ಸಾಗಿಸಲು ಪೋರ್ಚುಗೀಸರ ಪರವಾನಗಿ ಚೀಟಿ ಬೇಕಾಯಿತು. ಇಲ್ಲದಿದ್ದರೆ ಹಡಗು, ಸರಕು ಎರಡೂ ಜಪ್ತಿ. ಉಡುಪಿಯಿಂದ ಉತ್ತರಕ್ಕಿರುವ ಬಸರೂರು ಅಕ್ಕಿಯ ದೊಡ್ಡ ಬಂದರು. ಅಲ್ಲಿಂದ ಅಕ್ಕಿಯನ್ನು ಕಪ್ಪವಾಗಿ ವಸೂಲಿ ಮಾಡಿದರು. ಉಳ್ಳಾಲದ ಅಬ್ಬಕ್ಕ ರಾಣಿ ಕಾದಿದ್ದು ಇದೇ ದಬ್ಬಾಳಿಕೆಯ ವಿರುದ್ಧ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಬಸರೂರು, ಗಂಗೊಳ್ಳಿ, ಹೊನ್ನಾವರಗಳಿಂದ ಅವರನ್ನು ಎಬ್ಬಿಸಿದ. ಮಲ್ಪೆಯ ಮುಂದಿರುವ ಇನ್ನೊಂದು ದ್ವೀಪ, ದರಿಯಾ ಬಹದ್ದೂರ್‌ಗಡ, ಕೆಳದಿಯ ಬಸವಪ್ಪ ನಾಯಕ ಕಟ್ಟಿಸಿದ ಕೋಟೆ. ಕಡಲಿನ ಕಡೆಯಿಂದ ಬರೋರು ಬರೀ ನೆಂಟರಲ್ಲ ಅಂತ ದಡದವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಸಂಜೆ ಕಾಪುವಿನ ದೀಪಸ್ತಂಭ ಹತ್ತಿದೆವು. 1901ರದ್ದು, ಬಂಡೆಯ ಮೇಲೆ ಸುಮಾರು 27 ಮೀಟರ್ ಎತ್ತರ. ಇದು ಇನ್ನೊಂದು ಪರಂಗಿಯವರ ಕಂಬ, ಬ್ರಿಟಿಷರದ್ದು. ಆದರೆ ಗಾಮಾನ ಕಂಬಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅದು "ನಾನು ಬಂದಿದ್ದೆ" ಅಂತ ಹೇಳಲು ನೆಟ್ಟದ್ದು. ಇದು "ಇಲ್ಲಿ ಬಂಡೆ ಇದೆ, ಜಾಗ್ರತೆ" ಅಂತ ಹೇಳಲು ಕಟ್ಟಿದ್ದು. ಮೊದಲನೆಯದು ಕಾಣೆಯಾಯಿತು. ಎರಡನೆಯದು ಇವತ್ತಿಗೂ ದೋಣಿಗಳಿಗೆ ದಾರಿ ತೋರಿಸುತ್ತಿದೆ.

ಕೊನೆಯ ದಿನ ಕಾರ್ಕಳ. ಕಡಲು ಬಿಟ್ಟು ಘಟ್ಟದ ಕಡೆ ತಿರುಗಿದರೆ ಒಂದು ಗಂಟೆಯ ದಾರಿ. ಬೋಳು ಬಂಡೆಯ ಮೇಲೆ 42 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಗಾಮಾ ಮಲ್ಪೆಯ ಮುಂದೆ ನಿಂತಾಗ ಈ ಬಾಹುಬಲಿಗೆ ಆಗಲೇ 66 ವರ್ಷ. ಎದುರಿನ ಗುಡ್ಡದ ಚತುರ್ಮುಖ ಬಸದಿ 1586ರದ್ದು, ಅಂದರೆ ಪೋರ್ಚುಗೀಸರು ಕರಾವಳಿಯಲ್ಲಿ ಜೋರಾಗಿದ್ದ ಕಾಲದ್ದು. ಆ ಗದ್ದಲದ ನಡುವೆಯೂ ಇಲ್ಲಿಯ ಭೈರವ ಅರಸರು ನಾಲ್ಕು ದಿಕ್ಕಿಗೂ ಬಾಗಿಲಿರುವ ಗುಡಿ ಕಟ್ಟಿಸಿದರು. ಗೆದ್ದ ಅಣ್ಣನ ಎದುರು ಗೆಲುವನ್ನೇ ಬಿಟ್ಟುಕೊಟ್ಟು ನಿಂತವನ ಮೂರ್ತಿ ಆರು ಶತಮಾನ ಅಲ್ಲಾಡದೆ ನಿಂತಿದೆ. ತನ್ನದು ಅಂತ ಗುರುತು ಹಾಕಲು ನೆಟ್ಟ ಕಂಬದ ಚೂರೂ ದ್ವೀಪದಲ್ಲಿ ಕಾಣಲ್ಲ.

ಹೋಗುವುದಾದರೆ ಬೇಸಿಗೆಗೆ ಮುಂಚೆ ಹೋಗಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇಲ್ಲ. ಆ ಹೊತ್ತಿಗೆ ತುಳುನಾಡಿನಲ್ಲಿ ಆಟಿ ತಿಂಗಳು. ಹೊಸ ಮದುಮಗಳು ತವರಿಗೆ ಹೋಗಿ ಕೂರಬೇಕು, ಗಂಡ ಒಬ್ಬನೇ ಇರಬೇಕು. ಹನಿಮೂನಿನ ನೇರ ಉಲ್ಟಾ. ಅತ್ತೆ ನಗುತ್ತಾ ಹೇಳಿದರು: "ನೀವೂ ಬನ್ನಿ ಮಾರಾಯ್ರೇ, ಆಟಿಯಲ್ಲಿ ಪತ್ರೊಡೆ ಉಂಟು."

ದ್ವೀಪದಲ್ಲಿ ಇಳಿದಾಗ ಯಾರಾದರೂ ವಾಸ್ಕೋ ಡ ಗಾಮಾ ಇಲ್ಲೇ ಮೊದಲು ಬಂದ ಅಂತ ಹೇಳಿದರೆ ಜಗಳ ಮಾಡಬೇಡಿ. ದಡಕ್ಕೆ ಮರಳಿ ಒಂದು ಪ್ಲೇಟ್ ಪುಳಿಮುಂಚಿ ತರಿಸಿ. ಹೆಸರಿಲ್ಲದ ಮೀನುಗಾರರು ಕೊಟ್ಟದ್ದು, ಹೆಸರು ಮಾಡಿದವರು ತಂದದ್ದು, ಎರಡೂ ಅದರಲ್ಲಿ ಇವೆ.