ಭರ್ತವ್ಯರೂ ದಾಯಾದರೂ: ಅಂಗವಿಕಲರ ಆಸ್ತಿಹಕ್ಕಿನ ಇತಿಹಾಸ

ಅಂಗವಿಕಲರನ್ನು ನಮ್ಮ ಪೂರ್ವಿಕರು ಹೇಗೆ ಕಂಡರೆಂಬ ಪ್ರಶ್ನೆಗೆ ಪುರಾಣಕಥೆಗಳಲ್ಲಿ ಉತ್ತರವನ್ನು ಹುಡುಕುವುದು ವಾಡಿಕೆ. ಅದಕ್ಕಿಂತ ಖಚಿತವಾದ ಆಧಾರವು ಧರ್ಮಶಾಸ್ತ್ರಗಳ ದಾಯವಿಭಾಗ ಪ್ರಕರಣದಲ್ಲಿ ದೊರೆಯುತ್ತದೆ. ತಂದೆಯ ಆಸ್ತಿಯಲ್ಲಿ ಯಾರಿಗೆ ಪಾಲುಂಟು, ಯಾರಿಗಿಲ್ಲ ಎಂದು ನಿರ್ಣಯಿಸುವಾಗ ಸಮಾಜವು ತನ್ನ ಮನೋಗತವನ್ನು ಮುಚ್ಚಿಡಲಾರದು.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಹುಟ್ಟುಕುರುಡರು, ಕಿವುಡರು, ಮೂಗರು, ಉನ್ಮತ್ತರು, ಜಡರು ಮೊದಲಾದವರಿಗೆ ಪಾಲಿಲ್ಲವೆಂದು ವಿಧಿಸುತ್ತದೆ. ಅವರಿಗೆ ಅನ್ನವಸ್ತ್ರಗಳನ್ನು ಕೊಡದವನು ಪತಿತನಾಗುವನೆಂದೂ ಒಡನೆಯೇ ಹೇಳುತ್ತದೆ. ಯಾಜ್ಞವಲ್ಕ್ಯನ ಮತವೂ ಬಹುಮಟ್ಟಿಗೆ ಇದೇ. ಅವನು ಬಳಸಿರುವ ಎರಡು ಶಬ್ದಗಳು ಗಮನಾರ್ಹವಾದುವು. ಇಂಥವರು ‘ನಿರಂಶಕರು’, ಎಂದರೆ ಪಾಲಿಲ್ಲದವರು. ‘ಭರ್ತವ್ಯರು’, ಎಂದರೆ ಇತರರಿಂದ ಪೋಷಣೆ ಪಡೆಯತಕ್ಕವರು. ಅವರನ್ನು ಹಸಿವಿಗೆ ಬಿಡಬಾರದು, ಒಡೆತನದಲ್ಲಿ ಸೇರಿಸಲೂಬಾರದು ಎಂಬುದು ಇದರ ತಾತ್ಪರ್ಯ.

ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಇಂದಿನ ಬಸವಕಲ್ಯಾಣವಾದ ಕಲ್ಯಾಣಪುರದಲ್ಲಿದ್ದವನು. ಅವನು ಮೂಲದ ನಿಷೇಧವನ್ನು ತಳ್ಳಿಹಾಕಲಿಲ್ಲ. ಅದರ ಎಲ್ಲೆಯನ್ನು ಮಾತ್ರ ಕಿರಿದುಮಾಡಿದನು. ವಿಭಾಗವಾದ ಮೇಲೆ ವೈಕಲ್ಯವು ಒದಗಿದರೆ ಕೈಸೇರಿದ ಪಾಲು ತಪ್ಪದು. ವಿಭಾಗಾನಂತರ ಔಷಧಾದಿಗಳಿಂದ ದೋಷವು ನೀಗಿದರೆ ಪಾಲು ಸಲ್ಲತಕ್ಕದ್ದು ಎಂದನು.

ಆದರೆ ಇದೇ ವಿಜ್ಞಾನೇಶ್ವರನು ಸ್ವತ್ವವು ಲೌಕಿಕವಾದುದು, ಪಿತೃಧನದಲ್ಲಿ ಮಗನಿಗೆ ಅದು ಜನ್ಮದಿಂದಲೇ ಉಂಟಾಗುವುದು ಎಂದು ವಿಸ್ತಾರವಾಗಿ ಸಾಧಿಸಿದ್ದಾನೆ. ಧನವೆಲ್ಲವೂ ಯಜ್ಞಾರ್ಥವೆಂಬ ವಾದವನ್ನೂ ಖಂಡಿಸಿದ್ದಾನೆ. ಹಾಗಾದರೆ ಕಣ್ಣಿಲ್ಲದೆ ಹುಟ್ಟಿದವನಿಗೆ ಆ ಜನ್ಮಸ್ವತ್ವವು ಏಕೆ ಸಲ್ಲಬಾರದು? ಅವನ ಸಿದ್ಧಾಂತಕ್ಕೂ ಅವನು ಒಪ್ಪಿದ ನಿಷೇಧಕ್ಕೂ ನಡುವೆ ಉಳಿದ ಈ ಬಿರುಕನ್ನು ಮುಚ್ಚಲು ಎಂಟು ಶತಮಾನಗಳು ಬೇಕಾದುವು.

1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರದ ದಾಯಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿದ ಬಳಿಕ ಅದು ಕಂಪನಿಯ ನ್ಯಾಯಾಲಯಗಳಿಗೆ ಪ್ರಮಾಣಗ್ರಂಥವಾಯಿತು. ಕುರುಡು ಹುಟ್ಟಿನಿಂದ ಬಂದುದೂ ಗುಣವಾಗದುದೂ ಆಗಿರಬೇಕೆಂದು ನ್ಯಾಯಾಧೀಶರು ನಿಷೇಧವನ್ನು ಬಿಗಿಯಾದ ಅರ್ಥದಲ್ಲಿ ಹಿಡಿದರು, ನಿಷೇಧವಂತೂ ಉಳಿಯಿತು. ಜಾತಿಯನ್ನೋ ಮತವನ್ನೋ ತೊರೆದವನ ದಾಯಹಕ್ಕನ್ನು 1850ರ ಕಾನೂನು ಕಾಪಾಡಿತು. ಕುರುಡನಿಗೆ ಅದೇ ನ್ಯಾಯವು ದೊರೆಯಲು ಇನ್ನೂ 78 ವರ್ಷಗಳು ಕಳೆಯಬೇಕಾಯಿತು. ರೋಗ ಅಥವಾ ವೈಕಲ್ಯದ ಕಾರಣದಿಂದಲೇ ಯಾರ ಪಾಲನ್ನೂ ತಪ್ಪಿಸಕೂಡದೆಂದು 1928ರ ಅಧಿನಿಯಮವು ಸಾರಿತು. ಆದರೆ ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಅದು ಹೊರಗೇ ಬಿಟ್ಟಿತು. ದಾಯಭಾಗ ಸಂಪ್ರದಾಯದವರಿಗೂ ಅನ್ವಯಿಸಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 28ನೆಯ ಪ್ರಕರಣವು ಉತ್ತರಾಧಿಕಾರದ ಮಟ್ಟಿಗೆ ಈ ಭೇದಗಳನ್ನು ತೊಡೆದುಹಾಕಿತು.

ಮುಂದಿನ ಘಟ್ಟದಲ್ಲಿ ಅಂಗವಿಕಲರ ಸ್ವಂತ ಧ್ವನಿಯು ಸ್ಪಷ್ಟವಾಗಿ ಕೇಳಿಸುತ್ತದೆ. 1970ರಲ್ಲಿ ಅಂಧರ ರಾಷ್ಟ್ರೀಯ ಒಕ್ಕೂಟವು ಸ್ಥಾಪನೆಯಾಯಿತು. 1980ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ಮೆರವಣಿಗೆ ಹೊರಟ ಅಂಧರು ಪೊಲೀಸರ ಲಾಠಿಯೇಟನ್ನು ತಿಂದರು. ಅವರು ಕೇಳಿದ್ದು ಭಿಕ್ಷೆಯನ್ನಲ್ಲ, ಉದ್ಯೋಗವನ್ನು. ಜಾವೇದ್ ಆಬಿದಿ ಮೊದಲಾದವರ ಹೋರಾಟದ ಫಲವಾಗಿ 1995ರಲ್ಲಿ ಸಮಗ್ರವಾದ ಕಾನೂನು ಬಂದಿತು. ಅದು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು. ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಸ್ಥಿರೀಕರಿಸಿದ ತರುವಾಯ 2016ರ ಅಧಿನಿಯಮವು ಈ ಸಂಖ್ಯೆಯನ್ನು 21ಕ್ಕೆ ಏರಿಸಿತು. ಇತರರೊಡನೆ ಸಮಾನವಾಗಿ ಆಸ್ತಿಯನ್ನು ಹೊಂದುವ, ದಾಯವಾಗಿ ಪಡೆಯುವ, ತಮ್ಮ ಹಣಕಾಸನ್ನು ತಾವೇ ನಿರ್ವಹಿಸುವ ಹಕ್ಕನ್ನು ಅದರ 13ನೆಯ ಪ್ರಕರಣವು ಎತ್ತಿಹಿಡಿದಿದೆ.

ಭರ್ತವ್ಯತೆಯಲ್ಲಿ ಕರುಣೆಯಿಲ್ಲವೆಂದು ಹೇಳಲಾಗದು. ಆದರೆ ಅಲ್ಲಿ ಕೊಡುವವನ ಧರ್ಮವೇ ಪ್ರಧಾನ, ಪಡೆಯುವವನ ಮಾತಿಗೆ ಎಡೆಯಿಲ್ಲ. ದಾಯಾದನಾದರೋ ವಿಭಾಗದ ಪಂಕ್ತಿಯಲ್ಲಿ ತಾನೂ ಕುಳಿತು ಮಾತನಾಡುವನು. ಮಿತಾಕ್ಷರವನ್ನು ಪಾಠಹೇಳುವವರು ಜನ್ಮಸ್ವತ್ವದ ವಾದವನ್ನೂ ನಿರಂಶಕರ ಪ್ರಕರಣವನ್ನೂ ಒಟ್ಟಿಗೆ ಓದಿಸುವುದು ಉಚಿತ. ಮೊದಲನೆಯದನ್ನು ಒಪ್ಪಿದ ವಿದ್ಯಾರ್ಥಿಯು ಎರಡನೆಯದನ್ನು ತಾನಾಗಿಯೇ ಪ್ರಶ್ನಿಸುವನು.