ಬಿಡಿಕಾಸಿನ ಕಥೆ: ಕಾಗದವೋ, ಲೋಹವೋ?

ಕನ್ನಡದಲ್ಲಿ ‘ನಾಣ್ಯ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಟಂಕಸಾಲೆಯಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ಬಿಲ್ಲೆಯೂ ನಾಣ್ಯವೇ. ಕೊಟ್ಟ ಮಾತಿಗೆ ತಪ್ಪದ ಗುಣವೂ ನಾಣ್ಯವೇ. ‘ನಾಣ್ಯಸ್ಥ’ ಎಂದರೆ ನಂಬಿಕೆಗೆ ತಕ್ಕವನು. ಹಣದ ವಿಷಯವೆಲ್ಲ ಕೊನೆಗೆ ನಂಬಿಕೆಯ ವಿಷಯವೆಂಬುದನ್ನು ನಮ್ಮ ಹಿರಿಯರು ಒಂದೇ ಪದದಲ್ಲಿ ಹೇಳಿಟ್ಟಿದ್ದಾರೆ. ಹತ್ತು, ಇಪ್ಪತ್ತು ರೂಪಾಯಿಗಳಂಥ ಸಣ್ಣ ಬೆಲೆಯ ನೋಟುಗಳನ್ನು ನಿಲ್ಲಿಸಿ ನಾಣ್ಯಗಳನ್ನೇ ಬಳಕೆಗೆ ತರಬೇಕೇ ಎಂಬ ಪ್ರಶ್ನೆಯನ್ನು ವಿಚಾರಿಸುವಾಗ ಈ ಎರಡನೆಯ ಅರ್ಥವನ್ನು ಮರೆಯುವಂತಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಈ ಒಣನಾಡಿಗೆ ಲೋಹದ ಹಣ ಹೊಸದಲ್ಲ. ಶಿರಾದಿಂದ ಉತ್ತರಕ್ಕೆ ಸಾಗಿದರೆ ಸಿಕ್ಕುವ ಚಿತ್ರದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿಯಿದೆ. ಅಲ್ಲಿ ನಡೆದ ಉತ್ಖನನಗಳಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮ್ ಚಕ್ರವರ್ತಿ ಆಗಸ್ಟಸನ ಬೆಳ್ಳಿಯ ನಾಣ್ಯಗಳೂ ದೊರೆತಿವೆ. ಸಮುದ್ರದಾಚೆಯ ದೊಡ್ಡ ವ್ಯಾಪಾರಕ್ಕೆ ಬೆಳ್ಳಿ, ಸಂತೆಯ ಬಿಡಿ ವ್ಯಾಪಾರಕ್ಕೆ ಸೀಸ: ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಚಿಲ್ಲರೆಗೆಂದು ಬೇರೆ ಲೋಹವನ್ನು ಆರಿಸಿಕೊಂಡಿದ್ದರೆಂದು ಇದರಿಂದ ಊಹಿಸಬಹುದು.

ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಸಾಲೆಯೊಂದನ್ನು ಸ್ಥಾಪಿಸಿ ಚಿನ್ನದ ‘ಕಂಠೀರಾಯಿ ಹಣ’ವನ್ನು ಹೊರಡಿಸಿದರು. ಅರ್ಧ ಗ್ರಾಂ ತೂಕವೂ ಇಲ್ಲದ ಪುಟ್ಟ ಬಿಲ್ಲೆ ಅದು. ಅಂಥ ಹತ್ತು ಹಣ ಸೇರಿದರೆ ಲೆಕ್ಕದಲ್ಲಿ ಒಂದು ವರಹ. ಹಣಕ್ಕಿಂತ ಕೆಳಗೆ ತಾಮ್ರದ ದುಡ್ಡು, ಕಾಸುಗಳು ನಡೆಯುತ್ತಿದ್ದವು. ಶಿರಾ 1687ರಲ್ಲಿ ಮೊಗಲರ ಸುಬೆಯ ಮುಖ್ಯ ಪಟ್ಟಣವಾಯಿತು. ಅನಂತರ ಮರಾಠರ ಕೈಗೆ, ಆಮೇಲೆ 1761ರಲ್ಲಿ ಹೈದರಾಲಿಯ ಕೈಗೆ ಬಂದಿತು. ದೊರೆ ಬದಲಾದಂತೆಲ್ಲ ಮುದ್ರೆ ಬದಲಾಗುತ್ತಿತ್ತು. ಆದರೆ ಹಳೆಯ ನಾಣ್ಯ ಸಾಯುತ್ತಿರಲಿಲ್ಲ. 1800ರಲ್ಲಿ ಶಿರಾ, ಮಧುಗಿರಿಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ನನು ಈ ಸೀಮೆಯ ಬೆಳೆ, ಬೆಲೆ, ತೂಕ, ನಾಣ್ಯಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆಗ ಕಂಠೀರಾಯಿ ಹಣವೂ ಟಿಪ್ಪುವಿನ ಸುಲ್ತಾನಿ ಹಣವೂ ಜೊತೆಜೊತೆಯಾಗಿ ನಡೆಯುತ್ತಿದ್ದವು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕಾದರೆ ಸರಾಫನಿಗೆ ವಟ್ಟ ತೆರಬೇಕು. ಆ ವಟ್ಟದ ಹೊರೆ ಹೊತ್ತವನು ಯಾರು? ಕಂಬಳಿ ಮಾರಲು ಬಂದ ಕುರುಬ, ಕಾಳು ಮಾರಲು ಬಂದ ರೈತ. ಚಿಲ್ಲರೆಯ ತೊಡಕು ಎಂದಿಗೂ ಬಡವನ ಮೇಲೇ ಬೀಳುತ್ತದೆಂಬುದು ಚರಿತ್ರೆಯ ಮೊದಲ ಪಾಠ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೇ ಬರೆದಿರುತ್ತಿತ್ತು. ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು. ಅನಂತರ ನಮಗೆ ಉಳಿದುದು ಬ್ರಿಟಿಷ್ ಇಂಡಿಯಾದ ರೂಪಾಯಿ: ಒಂದು ತೊಲ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನೆಲದ ಮೇಲೆ ಬಡಿದರೆ ‘ಠಣ್’ ಎನ್ನಬೇಕು, ಹಾಗೆಂದರೆ ಸಾಚಾ.

ಈ ರೂಪಾಯಿ ಕಾಗದವಾದದ್ದು ಯಾರೂ ಬಯಸಿ ಅಲ್ಲ, ಯುದ್ಧದ ಒತ್ತಡದಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಬೆಲೆ ಏರಿ, ರೂಪಾಯಿಯ ಮುಖಬೆಲೆಗಿಂತ ಅದರೊಳಗಿನ ಬೆಳ್ಳಿಯೇ ಹೆಚ್ಚು ಬಾಳುವಂತಾಯಿತು. ಜನ ನಾಣ್ಯವನ್ನು ಬಚ್ಚಿಟ್ಟರು, ಕರಗಿಸಿದರು. 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಅದರ ಮೇಲೆ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚುಹಾಕಿದ್ದರು, ‘ಇದೂ ಅದೇ, ನಂಬಿ’ ಎಂಬಂತೆ. ಆದರೂ ದೇಶದ ಹಲವೆಡೆ ಹಳ್ಳಿಗರು ವಟ್ಟ ಮುರಿದುಕೊಳ್ಳದೆ ಅದನ್ನು ಮುಟ್ಟಲಿಲ್ಲ. 1926ರಲ್ಲಿ ಆ ನೋಟು ನಿಂತಿತು. 1940ರಲ್ಲಿ, ಎರಡನೆಯ ಮಹಾಯುದ್ಧದ ಗಾಬರಿಯಲ್ಲಿ, ಮತ್ತೆ ಬಂದಿತು. ಅದೇ ವರ್ಷ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. 1943ರಲ್ಲಿ ಬಂದ ತೂತು ಕಾಸು ಲೋಹ ಉಳಿಸುವ ಉಪಾಯವೇ ಆಗಿದ್ದಿತು. ಕಾಠಿಯಾವಾಡದ ಮೊರ್ವಿ, ಜುನಾಗಢದಂಥ ಸಂಸ್ಥಾನಗಳಲ್ಲಿ ಕಾಸಿಗೆ ಬದಲು ರಟ್ಟಿನ ಚೀಟಿಗಳೂ ನಡೆದವು.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಬೇರೆಲ್ಲ ನೋಟುಗಳ ಮೇಲೂ ರಿಜರ್ವ್ ಬ್ಯಾಂಕಿನ ಗವರ್ನರರ ರುಜುವಿದ್ದರೆ, ಒಂದು ರೂಪಾಯಿಯ ನೋಟಿನ ಮೇಲೆ ಕೇಂದ್ರದ ಹಣಕಾಸು ಕಾರ್ಯದರ್ಶಿಯ ರುಜುವಿರುತ್ತದೆ. ಕಾನೂನಿನ ಕಣ್ಣಿಗೆ ಆ ಕಾಗದ ನಾಣ್ಯವೇ!

1957ರ ಏಪ್ರಿಲ್ 1ರಂದು ಆಣೆ ಪೈಗಳು ಹೋಗಿ ನಯಾ ಪೈಸೆ ಬಂದಿತು. ಬೆಲೆಗಳು ಏರಿದಂತೆಲ್ಲ ಸಣ್ಣ ನೋಟು ಕೈಯಿಂದ ಕೈಗೆ ಬೇಗ ಬೇಗ ಹಾಯ್ದು, ಬೆವರಿನಲ್ಲಿ ನೆನೆದು, ಮಡಿಕೆಯಲ್ಲಿ ಹರಿದು, ಅಲ್ಪಾಯುವಾಯಿತು. ಅಚ್ಚಿನ ವೆಚ್ಚ ಹೆಚ್ಚಿತು. ಆದುದರಿಂದ ಒಂದು ರೂಪಾಯಿಯ ನೋಟಿನ ಮುದ್ರಣವನ್ನು 1994ರಲ್ಲಿಯೂ ಎರಡು, ಐದರ ನೋಟುಗಳ ಮುದ್ರಣವನ್ನು 1995ರಲ್ಲಿಯೂ ನಿಲ್ಲಿಸಲಾಯಿತು. ಮುಂದೆ ಐದರ ನೋಟೂ 2015ರಲ್ಲಿ ಒಂದರ ನೋಟೂ ಮರಳಿ ಮುದ್ರಣಗೊಂಡವಾದರೂ, ಅಂಗಡಿಯ ಗಲ್ಲಾದಲ್ಲಿ ಗೆದ್ದದ್ದು ಲೋಹವೇ. ಹತ್ತರ ನಾಣ್ಯ 2009ರಲ್ಲಿ, ಇಪ್ಪತ್ತರದು 2020ರಲ್ಲಿ ಚಲಾವಣೆಗೆ ಬಂದವು.

ಆದರೆ ಹತ್ತರ ನಾಣ್ಯಕ್ಕೆ ಒದಗಿದ ಗತಿಯನ್ನು ನೋಡಿರಿ. ‘ಇದು ನಡೆಯೋದಿಲ್ಲ ಸ್ವಾಮಿ, ನೋಟು ಕೊಡಿ’ ಎಂಬ ಮಾತನ್ನು ನಮ್ಮ ನಾಡಿನಲ್ಲಿ ಕೇಳದವರಿಲ್ಲ. ಹದಿನಾಲ್ಕು ಬಗೆಯ ವಿನ್ಯಾಸಗಳಿದ್ದುದರಿಂದ ಖೋಟಾ ಎಂಬ ವದಂತಿ ಹುಟ್ಟಿತು. ಹದಿನಾಲ್ಕೂ ಸಾಚಾ ಎಂದು ರಿಜರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸಾರಿತು. 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಸಾವಿರ ರೂಪಾಯಿಯವರೆಗಿನ ಸಂದಾಯಕ್ಕೆ ನ್ಯಾಯಬದ್ಧ. ಕಾನೂನು ನಡೆಯುತ್ತದೆ ಎನ್ನುತ್ತದೆ. ಸಂತೆ ನಡೆಯುವುದಿಲ್ಲ ಎನ್ನುತ್ತದೆ. ನಡುವೆ ಸಿಕ್ಕಿಬಿದ್ದವಳು ಹೂವು ಮಾರುವ ಅಜ್ಜಿ. ಅವಳ ಸೆರಗಿನ ಗಂಟಿನಲ್ಲಿರುವ ಹತ್ತು ನಾಣ್ಯ ನೂರು ರೂಪಾಯಿಯೂ ಹೌದು, ಏನೂ ಅಲ್ಲದ್ದೂ ಹೌದು.

ಹೊರದೇಶಗಳ ಅನುಭವ ಇಲ್ಲಿ ಉಪಯುಕ್ತ. ಬ್ರಿಟನ್ ಪೌಂಡಿನ ನಾಣ್ಯವನ್ನು 1983ರಲ್ಲಿ ತಂದು 1988ರಲ್ಲಿ ನೋಟನ್ನು ಹಿಂತೆಗೆದುಕೊಂಡಿತು. ಕೆನಡಾ 1987ರಲ್ಲಿ ಡಾಲರ್ ನಾಣ್ಯ ತಂದು 1989ರಲ್ಲಿ ನೋಟು ಕೊಡುವುದನ್ನು ನಿಲ್ಲಿಸಿತು. ಎರಡೂ ಕಡೆ ನಾಣ್ಯ ನೆಲೆನಿಂತಿತು. ಅಮೆರಿಕ 1979ರಲ್ಲಿ, ಮತ್ತೆ 2000ದಲ್ಲಿ ಡಾಲರ್ ನಾಣ್ಯ ತಂದರೂ ನೋಟನ್ನು ಬಿಡಲಿಲ್ಲ. ನಾಣ್ಯ ಪೆಟ್ಟಿಗೆಯಲ್ಲೇ ಉಳಿಯಿತು. ಹಗುರವಾದ ಕಾಗದ ಪಕ್ಕದಲ್ಲಿರುವವರೆಗೂ ಭಾರವಾದ ಲೋಹವನ್ನು ಯಾರೂ ಆರಿಸಿಕೊಳ್ಳರು. ಹತ್ತು, ಇಪ್ಪತ್ತಕ್ಕೆ ಜನ ನೋಟನ್ನೇ ಬಯಸುತ್ತಾರೆಂದು 2022ರ ರಿಜರ್ವ್ ಬ್ಯಾಂಕಿನ ಸಮೀಕ್ಷೆ ತಿಳಿಸಿತು. ಎರಡನ್ನೂ ಮುಂದಿಟ್ಟು ಕೇಳಿದರೆ ಬೇರೆ ಉತ್ತರ ಬರುವುದು ಕಷ್ಟ.

ನಾಣ್ಯದ ಪರವಾಗಿ ಹೇಳಬೇಕಾದುದು ಬಹಳವಿದೆ. ಅದು ದಶಕಗಟ್ಟಲೆ ಬಾಳುತ್ತದೆ, ಮಳೆಗೆ ಕರಗದು, ಕಣ್ಣಿಲ್ಲದವರೂ ಅಂಚನ್ನು ಸವರಿ ಗುರುತಿಸಬಲ್ಲರು. ವಿರುದ್ಧವಾಗಿಯೂ ಒಂದು ಮಾತಿದೆ. ನೋಟಿನ ಹಿಂಬದಿಯ ಭಾಷೆಗಳ ಸಾಲಿನಲ್ಲಿ ‘ಹತ್ತು ರೂಪಾಯಿಗಳು’ ಎಂದು ಕನ್ನಡದಲ್ಲಿ ಓದಬಹುದು. ನಾಣ್ಯದ ಮೇಲೆ ಹಿಂದಿ, ಇಂಗ್ಲಿಷುಗಳಲ್ಲದೆ ಬೇರೆ ಅಕ್ಷರವಿಲ್ಲ. ‘ಮಯಿಲಿ ಕಾಸಿ’ಗಿದ್ದ ಸೌಲಭ್ಯ ಇಂದಿನ ಹತ್ತು ರೂಪಾಯಿಗಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಸಣ್ಣ ಬೆಲೆಗೆ ಲೋಹವೇ ತಕ್ಕದ್ದು. ಆದರೆ ತರುವುದಾದರೆ ಒಂದೇ ವಿನ್ಯಾಸದಲ್ಲಿ ತರಬೇಕು, ದಿನ ಗೊತ್ತುಮಾಡಿ ನೋಟನ್ನು ಹಿಂತೆಗೆಯಬೇಕು. ಬ್ಯಾಂಕು, ಬಸ್ಸು, ನ್ಯಾಯಬೆಲೆ ಅಂಗಡಿಗಳು ಮೊದಲು ಕೈನೀಡಿ ತೆಗೆದುಕೊಳ್ಳಬೇಕು. ದೊಡ್ಡವರು ಇಂದು ದೂರವಾಣಿಯಲ್ಲೇ ಹಣ ಕಳಿಸಿಯಾರು. ಹುಲಿಕುಂಟೆಯಂಥ ಹೋಬಳಿಯ ಕೂಲಿಯವನಿಗೆ ಚಿಲ್ಲರೆ ಇನ್ನೂ ಬೇಕು. ಅವನ ಅಂಗೈಯ ಬಿಲ್ಲೆಯನ್ನು ಯಾರೂ ಹಿಂದಕ್ಕೆ ತಳ್ಳದ ದಿನವೇ ಅದು ಎರಡೂ ಅರ್ಥಗಳಲ್ಲಿ ನಾಣ್ಯವಾದೀತು.